ಊರೆಲ್ಲ ಇಳಿದ ಶ್ರುತಿ

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಸಂಜೆಗಳಲ್ಲಿ, ಪ್ಯಾರಿಸ್ಸಿನಿಂದ ಬಹಳ ದೂರದ ನಮ್ಮೂರ ಇಗರ್ಜಿಯಲ್ಲಿ ಆರ್ಗನ್ ನುಡಿಯುವುದಿಲ್ಲ. ಯೇಸುಸ್ವಾಮಿ ನೋವಿನಲ್ಲಿರುವಾಗ ವಾದ್ಯಕ್ಕೇನು ಕೆಲಸ ಎಂದು ಅದರ ಮುಚ್ಚಳಕ್ಕೆ ಬೀಗ ಹಾಕುತ್ತಾರೆ. ಪೀಠದ ಮುಂದೆ ಮುಕ್ಕೋನದ ದೀಪಗಂಬದಲ್ಲಿ ಮೇಣದ ಬತ್ತಿಗಳು ಉರಿಯುತ್ತಿರುತ್ತವೆ. ಒಂದೊಂದು ಕೀರ್ತನೆ ಮುಗಿದಂತೆ ಒಂದೊಂದನ್ನು ಆರಿಸುತ್ತ ಹೋಗುತ್ತಾರೆ. ಕೊನೆಯದೊಂದನ್ನು ಮಾತ್ರ ಆರಿಸದೆ ಪೀಠದ ಹಿಂದೆ ಮರೆ ಮಾಡುತ್ತಾರೆ. ಆಗ ಕವಿಯುವ ಕತ್ತಲಲ್ಲಿ ಮೊಣಕಾಲೂರಿ ಪಶ್ಚಾತ್ತಾಪದ ಕೀರ್ತನೆ ಹಾಡಬೇಕು, ಒಂದು ಸಾಲು ಗಂಡಸರು, ಮುಂದಿನದು ಹೆಂಗಸರು. ಹಾಡಿ ಮುಗಿದ ಮೇಲೆ ಎಲ್ಲರೂ ಕೈಯಿಂದ ಬೆಂಚು ಬಡಿಯಬೇಕು, ಭೂಮಿ ಬಿರಿದ ಹಾಗೆ ಸದ್ದಾಗಬೇಕು. ಆಮೇಲೆ ಮರೆಯಲ್ಲಿದ್ದ ದೀಪ ಮೆಲ್ಲಗೆ ಹೊರಗೆ ಬರುತ್ತದೆ. ನಾವು ಮಾತಿಲ್ಲದೆ ಮನೆಗೆ ಹೋಗುತ್ತೇವೆ.

ಆ ಕೀರ್ತನೆಯನ್ನು ಮೊದಲು ಹಾಡಿ ನಮಗೆಲ್ಲ ಎತ್ತಿಕೊಡುತ್ತಿದ್ದವಳು ಫಿಲೊಮೆನ್. ಅವಳ ಕಿಟಕಿಗೆ ಎದುರಿನ ಕಿಟಕಿ ನನ್ನದು. ನಾನು ಜೆಲೀ, ಪೀಠದ ವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡಿಕೊಡುವುದು ನನ್ನ ಸೇವೆ. ಅವಳು ಮಡಿಲಲ್ಲಿ ದಿಂಬಿಟ್ಟುಕೊಂಡು, ನೂಲು ಸುತ್ತಿದ ಪುಟ್ಟ ಮರದ ಕಡ್ಡಿಗಳನ್ನು ಅತ್ತಿತ್ತ ಎಸೆಯುತ್ತ ಲೇಸು ಹೆಣೆಯುತ್ತಿದ್ದಳು. ಕಡ್ಡಿಗಳ ಟಿಕಟಿಕ ನಮ್ಮ ಬೀದಿಯ ಉಸಿರಿನ ಹಾಗಿತ್ತು.

ಮೊದಲ ಯುದ್ಧಕ್ಕೆ ಊರ ಗಂಡಸರೆಲ್ಲ ಹೋದಾಗ ಕೀರ್ತನೆ ಎತ್ತಿಕೊಡುವವರು ಯಾರೂ ಉಳಿಯಲಿಲ್ಲ. ಆಗಿನ ಗುರುಗಳು ಹೆಂಗಸರ ಸಾಲಿನ ಕಡೆ ತಿರುಗಿ, ಲ್ಯಾಟಿನ್ ಯಾರಿಗಾದರೂ ಬಾಯಿಪಾಠ ಇದೆಯೇ ಎಂದು ಕೇಳಿದರು. ಲೇಸು ಹೆಣೆಯುತ್ತ ಕೂತಲ್ಲೇ ಕೀರ್ತನೆಗಳನ್ನೆಲ್ಲ ಕಲಿತಿದ್ದ ಫಿಲೊಮೆನ್ ಎದ್ದು ನಿಂತಳು. ದನಿ ಚೆನ್ನಾಗಿತ್ತು. ಆಗಷ್ಟೇ ಕರೆದ ಹಾಲಿನ ಹಾಗೆ ಬೆಚ್ಚಗಿತ್ತು. ಆದರೆ ನಿಂತ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಸಾಲು ಸಾಲಿಗೂ ಕೂದಲೆಳೆಯಷ್ಟು ಕೆಳಗೆ ಜಾರುತ್ತಿತ್ತು. ಕೀರ್ತನೆ ಉದ್ದವಾದದ್ದು. ಮುಗಿಯುವ ಹೊತ್ತಿಗೆ ನಾವೆಲ್ಲ ಶುರು ಮಾಡಿದ ಸ್ವರದಿಂದ ಬಹಳ ದೂರ ಇಳಿದುಬಿಟ್ಟಿರುತ್ತಿದ್ದೆವು.

ಯುದ್ಧ ಮುಗಿದು, ಬರುವವರು ಬಂದರು. ಫಿಲೊಮೆನ್ ಜೊತೆ ನಿಶ್ಚಯವಾಗಿದ್ದ ಹುಡುಗ ಬರಲಿಲ್ಲ. ಆ ವರ್ಷದ ಪವಿತ್ರ ವಾರದಲ್ಲಿ ಗಂಡಸರ ಸಾಲು ಶ್ರುತಿ ಬಿಡದೆ ಗಟ್ಟಿಯಾಗಿ ನಿಂತಿತು, ಹೆಂಗಸರ ಸಾಲು ಅವಳ ಹಿಂದೆ ಇಳಿಯಿತು. ಎರಡೂ ಬೀಸುಕಲ್ಲಿನ ಹಾಗೆ ಒಂದಕ್ಕೊಂದು ಉಜ್ಜಿದವು. ಅವಳು ಗಾಬರಿಯಾಗಿ ಹಾಡು ನಿಲ್ಲಿಸಿದಳು. ನನ್ನ ಕಿವಿಯ ಬಳಿ ಬಾಗಿ, "ಜೆಲೀ, ಎಲ್ಲಾದ್ರೂ ಮಾತು ತಪ್ಪಿದ್ನಾ?" ಎಂದಳು. ಸಾವಿನ ಶೋಕಕ್ಕೆ ತೊಟ್ಟ ಕಪ್ಪು ಬಟ್ಟೆಯೊಳಗಿನ ಆ ಮುಖ ನೋಡಿದ ಯಾರಿಗೂ ನಿಜ ಹೇಳಲು ಬಾಯಿ ಬರಲಿಲ್ಲ.

ಮರುವರ್ಷ ಗಂಡಸರೂ ಇಳಿದರು. ಯಾರೂ ಯಾರಿಗೂ ಹೇಳಿದ್ದಲ್ಲ. ಅವಳು ಎಷ್ಟು ಇಳಿಯುತ್ತಾಳೋ ಅಷ್ಟೇ ಇಳಿಯುವುದನ್ನು ನಮ್ಮ ಗಂಟಲುಗಳು ತಾವೇ ಕಲಿತವು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರೂ ಒಂದು ಸಂಜೆಯಲ್ಲಿ ಕಲಿತರು. ಒಟ್ಟಿಗೆ ಇಳಿದರೆ ಇಳಿದದ್ದು ಯಾರಿಗೆ ಗೊತ್ತಾಗುತ್ತದೆ? ಕಾಫಿ ಅಂಗಡಿಯ ಮಾರ್ಸೆಲಾಂ, ಗಂಡಸರ ಸಾಲಿನಲ್ಲಿ ಎಲ್ಲರಿಗಿಂತ ದಪ್ಪ ದನಿಯವನು, ಅವಳು ಇಲ್ಲದ ಕಡೆ ತಮಾಷೆ ಮಾಡುತ್ತಿದ್ದ: "ಫಿಲೊಮೆನ್ ಗೋಪುರದಲ್ಲಿ ಶುರು ಮಾಡ್ತಾಳೆ, ನೆಲಮಾಳಿಗೇಲಿ ಮುಗಿಸ್ತಾಳೆ. ಒಳ್ಳೇದೇ ಆಯ್ತು ಬಿಡಿ, ನನ್ನ ವೈನ್ ಇರೋದು ಅಲ್ಲೇ!" ನಾವು ನಗುತ್ತಿದ್ದೆವು. ಆ ನಗುವಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದುಕೊಂಡಿದ್ದೆವು.

ಆ ತಮಾಷೆಯನ್ನು ಕೇಳುತ್ತ ಬೆಳೆದವನು ಅನ್ಸೆಲ್ಮ್. ಮರದ ಮೆಟ್ಟು ಕೆತ್ತುವವನ ಮಗ. ಹೆರಿಗೆಯಲ್ಲಿ ತಾಯಿ ಹೋದಳು. ದೀಕ್ಷಾಸ್ನಾನದ ದಿನ ಅವನನ್ನು ತೋಳಲ್ಲಿ ಹಿಡಿದು ಜ್ಞಾನತಾಯಿಯಾದವಳು ಫಿಲೊಮೆನ್. ಅವಳನ್ನು ಅವನು ಮರೇನ್ ಎಂದು ಕರೆಯುತ್ತಿದ್ದ, ನಮ್ಮಲ್ಲಿ ಎಲ್ಲ ಮಕ್ಕಳೂ ಜ್ಞಾನತಾಯಿಯನ್ನು ಕರೆಯುವ ಹಾಗೆ. ಆದರೆ ಅವನ ಬಾಯಲ್ಲಿ ಆ ಮಾತು ಅಮ್ಮ ಎಂದೇ ಕೇಳುತ್ತಿತ್ತು. ಲೇಸಿನ ದಿಂಬಿನ ಕೆಳಗೆ ಅವಳ ಕಾಲ ಬಳಿ ಮಲಗಿ ಕಡ್ಡಿಗಳ ಸದ್ದು ಕೇಳುತ್ತ ನಿದ್ದೆ ಹೋಗುತ್ತಿದ್ದ. ಆರ್ಗನ್ ಕಲಿತ. ಕಿವಿ ಎಂಥದ್ದೆಂದರೆ, ಹಸುಗಳ ಕೊರಳ ಗಂಟೆ ಕೇಳಿಯೇ ಇದು ಯಾರ ಮನೆಯದು, ಈ ವರ್ಷ ಗಂಟೆ ಎಷ್ಟು ಸವೆದಿದೆ ಎಂದು ಹೇಳುತ್ತಿದ್ದ. ಗುರುಗಳು ಅವನನ್ನು ಪ್ಯಾರಿಸ್ಸಿನ ಸಂಗೀತ ಶಾಲೆಗೆ ಕಳಿಸಿದರು.

ಅಲ್ಲಿ ಅವನು ಬಹುಮಾನದ ಪರೀಕ್ಷೆಯಲ್ಲಿ ಸೋತ. ಅವನು ಬರೆದ ಕೃತಿ ಹೊರಟ ಸ್ವರಕ್ಕೆ ಮರಳಿ ಬರಲಿಲ್ಲವಂತೆ. "ಮನೆಗೆ ಮರಳದ ಸಂಗೀತ ಸಂಗೀತವೇ ಅಲ್ಲ" ಎಂದರಂತೆ ಪರೀಕ್ಷಕರು. ವರ್ಷಗಟ್ಟಲೆ ಯಾವುದೋ ಬಡ ಇಗರ್ಜಿಯಲ್ಲಿ ಮದುವೆಗೂ ಸಾವಿಗೂ ಆರ್ಗನ್ ನುಡಿಸಿ ಹೊಟ್ಟೆ ಹೊರೆದ. ಆದರೆ ಅವನು ತನ್ನ ದಾರಿ ಬಿಡಲಿಲ್ಲ. ಅವನ ಸಂಗೀತದಲ್ಲಿ ತಾಳ ಎದ್ದು ಕಾಣುವುದಿಲ್ಲ. ಎಲ್ಲ ವಾದ್ಯಗಳೂ ಮೆಲುದನಿಯಲ್ಲಿ ಒಂದು ಸ್ವರ ಹಿಡಿದು ಹೊರಡುತ್ತವೆ. ಪಿಟೀಲಿನವರು ತಂತಿಯ ಮೇಲೆ ಬೆರಳನ್ನು ಉಗುರಿನ ಅಂಚಿನಷ್ಟು ಹಿಂದಕ್ಕೆ ಸರಿಸುತ್ತ ಹೋಗುತ್ತಾರೆ. ಸ್ವರ ಕೂದಲೆಳೆಯಷ್ಟು ಇಳಿಯುತ್ತದೆ, ಉಳಿದವರು ಅವರ ಹಿಂದೆ ಹೋಗುತ್ತಾರೆ. ಕೇಳುವವನಿಗೆ ಏನೂ ಆಗುತ್ತಿಲ್ಲ ಎನ್ನಿಸುತ್ತದೆ. ಸಂಜೆ ನಮ್ಮ ಕಣಿವೆಗೆ ಮಂಜು ಇಳಿಯುವುದನ್ನು ಯಾರು ನೋಡಿದ್ದಾರೆ? ನೋಡಿದಾಗ ಅದು ಇಳಿದಾಗಿರುತ್ತದೆ, ಹಾಗೆ. ಕಡೆಯಲ್ಲಿ ಎಲ್ಲರೂ ನಿಂತ ಮೇಲೆ ಒಂದು ಗಂಟೆ ಒಂದೇ ಸಲ ಬಾರಿಸುತ್ತದೆ. ಅದು ಮೊದಲು ಹೊರಟ ಸ್ವರ. ಆಗ ಕೇಳುವವನ ಎದೆ ಧಸಕ್ ಎನ್ನುತ್ತದೆ: ಅಯ್ಯೋ, ಎಷ್ಟು ಕೆಳಗೆ ಬಂದುಬಿಟ್ಟೆವು!

ಮೊದಮೊದಲು ಜನ ನಡುವೆಯೇ ಎದ್ದು ಹೋದರಂತೆ. ಆಮೇಲೆ ಅವರೇ ಸಾಲುಗಟ್ಟಿ ನಿಂತರಂತೆ. ಹೀಗೆ ಹಿಂದೆ ಯಾರೂ ಮಾಡಿರಲಿಲ್ಲ ಎಂದು ಪತ್ರಿಕೆಗಳು ಬರೆದವು. ಎರಡನೆಯ ಯುದ್ಧವೂ ಬಂದು ಹೋಗಿ ಎಷ್ಟೋ ವರ್ಷ ಕಳೆಯುವ ಹೊತ್ತಿಗೆ ನಮ್ಮ ಅನ್ಸೆಲ್ಮ್ ದೊಡ್ಡ ಹೆಸರಾಗಿದ್ದ. ಊರಿಗೆ ಬರುವುದು ಕಡಿಮೆಯಾಗಿತ್ತು. ಆದರೂ ಫಿಲೊಮೆನ್ ಜಪಸರ ಹಿಡಿದಾಗಲೆಲ್ಲ ಮೊದಲ ಮಣಿ ಅವನಿಗೇ.

ಅವನು ರೇಡಿಯೋದಲ್ಲಿ ಮಾತಾಡುತ್ತಾನೆ ಎಂದು ಗೊತ್ತಾದದ್ದು ಒಂದು ವರ್ಷ, ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿ. ಭಾನುವಾರ ಮಧ್ಯಾಹ್ನ ಊರಿಗೆ ಊರೇ ಮಾರ್ಸೆಲಾಂನ ಅಂಗಡಿಯಲ್ಲಿ ಸೇರಿತು. ಗುರುಗಳಾದ ಪ್ರಾದಿಯೆಯವರೂ ನಶ್ಯದ ಡಬ್ಬಿ ಹಿಡಿದು ಬಂದರು. ಫಿಲೊಮೆನ್ ಹಬ್ಬದ ಕಪ್ಪು ಉಡುಪು ತೊಟ್ಟು, ತಾನೇ ಹೆಣೆದ ಬಿಳಿ ಲೇಸಿನ ಟೋಪಿ ಇಟ್ಟುಕೊಂಡು ಬಂದಳು. ಮಾರ್ಸೆಲಾಂ ಅವಳಿಗೆ ರೇಡಿಯೋ ಎದುರಿನ ಕುರ್ಚಿ ಕೊಟ್ಟ.

"ಟೋಪಿ ನೋಡಿ! ರೇಡಿಯೋದಿಂದ ಅವನಿಗೆ ಕಾಣ್ಸತ್ತೆ ಅಂದ್ಕೊಂಡಿದೀಯಾ ಫಿಲೊಮೆನ್?" ಎಂದ.

"ಕಾಣ್ದೇ ಇರಬಹುದು. ಅವನ ಮಾತು ಕೇಳೋಕೆ ಹಳೇ ಟೋಪೀಲಿ ಬರಕ್ಕಾಗತ್ತಾ? ನೀನು ಮೊದ್ಲು ಆ ಏಪ್ರನ್ ಬಿಚ್ಚು."

ಪೆಟ್ಟಿಗೆಯಿಂದ ಒಬ್ಬ ಹೆಂಗಸಿನ ನಯವಾದ ದನಿ ಬಂತು, ಆಮೇಲೆ ಅನ್ಸೆಲ್ಮ್‌ನ ದನಿ. ಫಿಲೊಮೆನ್ ಕೈಜೋಡಿಸಿಕೊಂಡಳು. ಏನೇನೋ ಮಾತಾದ ಮೇಲೆ ಆಕೆ ಕೇಳಿದಳು: ಈ ಇಳಿಯುವ ಶೈಲಿ ನಿಮಗೆ ಎಲ್ಲಿಂದ ಬಂತು? ಪೂರ್ವದೇಶಗಳ ಸಂಗೀತದಿಂದಲೋ, ಗಣಿತದಿಂದಲೋ?

ಅನ್ಸೆಲ್ಮ್ ನಕ್ಕ. "ಅಷ್ಟು ದೂರ ಯಾಕೆ ಹೋಗ್ತೀರಿ? ನಮ್ಮೂರಲ್ಲಿ ನನ್ನ ಜ್ಞಾನತಾಯಿ ಇದ್ದಾರೆ. ಪವಿತ್ರ ವಾರದ ಕೀರ್ತನೆ ಎತ್ತಿಕೊಡೋದು ಅವರೇ. ಗೋಪುರದಲ್ಲಿ ಶುರು ಮಾಡ್ತಾರೆ, ಆಮೆನ್ ಅನ್ನೋ ಹೊತ್ತಿಗೆ ನೆಲಮಾಳಿಗೇಲಿರ್ತಾರೆ. ಅವರಿಗೆ ಮಾತ್ರ ಅದು ಗೊತ್ತೇ ಇಲ್ಲ! ಜೌಗಲ್ಲಿ ಸಿಕ್ಕಿಬಿದ್ದ ಹಸು ನೋಡಿದೀರಾ? ಹೂತುಹೋಗ್ತಾ ಇದ್ರೂ ಶಾಂತವಾಗಿ ಮೆಲುಕು ಹಾಕ್ತಿರತ್ತೆ. ಹಾಗೆ."

ಪೆಟ್ಟಿಗೆಯೊಳಗೆ ಬಹಳ ಜನ ನಕ್ಕರು. ನಮ್ಮ ಅಂಗಡಿಯಲ್ಲಿ ಒಬ್ಬರೂ ನಗಲಿಲ್ಲ. ಮಾರ್ಸೆಲಾಂ ತನ್ನದೇ ಮಾತು ಪ್ಯಾರಿಸ್ಸಿನಿಂದ ತಿರುಗಿ ಬಂದದ್ದನ್ನು ಕೇಳಿ, ಒರೆಸಿದ ಲೋಟವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

ಫಿಲೊಮೆನ್ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಇನ್ನೂ ನಗುವಿತ್ತು. "ಏನಂದ ಅವನು? ನನ್ನ ವಿಷಯಾನೇ ಅಲ್ವಾ ಹೇಳಿದ್ದು?"

ನಾನು ಉತ್ತರ ಹುಡುಕುವಷ್ಟರಲ್ಲಿ ಸಂಗೀತ ಶುರುವಾಯಿತು. ಅವಳು ಕಣ್ಣು ಮುಚ್ಚಿ ಕೇಳಿದಳು. ಅದು ಅವಳಿಗೆ ಅಪರಿಚಿತವಾಗಿರಲಿಲ್ಲ. ತುಟಿಗಳು ಮೆಲ್ಲಗೆ ಅಲುಗುತ್ತಿದ್ದವು. ಒಳಗೊಳಗೇ ಕೀರ್ತನೆ ಹೇಳಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಮುಖ ತಿಳಿಯಾಗಿತ್ತು. ಅವಳಿಗೆ ಏನೂ ತಿಳಿಯದೇ ಮುಗಿದುಹೋಗಲಿ ದೇವರೇ ಎಂದು ನಾನು ಬೇಡಿಕೊಂಡೆ. ವಾದ್ಯಗಳು ನಿಂತವು.

ಗಂಟೆ ಬಾರಿಸಿತು.

ಅವಳು ಕಣ್ಣು ತೆರೆದಳು. ಯಾರೋ ಹೆಗಲು ಹಿಡಿದು ಅಲುಗಾಡಿಸಿದ ಹಾಗೆ ಕೂತಲ್ಲೇ ಬೆಚ್ಚಿದಳು. ತಾನು ಹೊರಟ ಜಾಗ ಯಾವುದು, ಬಂದು ನಿಂತ ಜಾಗ ಯಾವುದು ಎಂದು ಅವಳಿಗೆ ಮೊದಲ ಸಲ ಕೇಳಿಸಿತ್ತು. ಮೆಲ್ಲಗೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ನಾವು ನೆಲ ನೋಡಿದೆವು. ಗುರುಗಳು ನಶ್ಯದ ಡಬ್ಬಿ ನೋಡಿದರು.

"ನಿಮಗೆಲ್ಲ ಗೊತ್ತಿತ್ತಾ?" ಎಂದಳು.

ಮಾರ್ಸೆಲಾಂ ರೇಡಿಯೋ ಆರಿಸಿದ.

"ಗುರುಗಳೇ, ನಿಮಗೂನಾ?"

"ಫಿಲೊಮೆನ್, ಅದೇನು ಅಷ್ಟು ದೊಡ್ಡ..." ಎಂದು ಅವರು ಶುರು ಮಾಡಿ ಅಲ್ಲೇ ಬಿಟ್ಟರು.

ಅವಳು ಎದ್ದಳು. ಕುಡಿಯದ ಕಾಫಿಯನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ಮೇಜಿನ ಒಳಕ್ಕೆ ತಳ್ಳಿ, "ಬರ್ತೀನಿ" ಎಂದು ಹೊರಟಳು. ಬಾಗಿಲ ಹತ್ತಿರ ಆ ಬಿಳಿ ಟೋಪಿ ತೆಗೆದು ಜೇಬಿಗೆ ತುರುಕಿಕೊಂಡಳು. ಅದನ್ನು ನೋಡಿದಾಗ ನಮಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ಅವಳ ಕಿಟಕಿ ಮುಚ್ಚಿತ್ತು. ಕಡ್ಡಿಗಳ ಸದ್ದಿಲ್ಲದ ಬೀದಿಯಲ್ಲಿ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿ ಸಂಕೋಚವಾಗುತ್ತಿತ್ತು. ಪೂಜೆಗೆ ಬರುತ್ತಿದ್ದಳು, ಆದರೆ ಮುಂದಿನ ಜಾಗ ಬಿಟ್ಟು ಕಟ್ಟಕಡೆಯ ಬೆಂಚಿನಲ್ಲಿ ಕಂಬದ ಮರೆಗೆ ಕೂರುತ್ತಿದ್ದಳು. ತುಟಿ ಬಿಚ್ಚುತ್ತಿರಲಿಲ್ಲ. ಈ ಸಲ ಕೀರ್ತನೆಯನ್ನು ಬೇರೆಯವರು ಎತ್ತಿಕೊಡಲಿ ಎಂದು ಗುರುಗಳಿಗೆ ಹೇಳಿ ಕಳಿಸಿದ್ದಳು.

ಒಂದು ದಿನ ನಾನು ಎಲೆಕೋಸಿನ ಸಾರು ಮಾಡಿ ತೆಗೆದುಕೊಂಡು ಹೋದೆ. ಒಳಗೆ ಬಿಟ್ಟುಕೊಂಡಳು.

"ಫಿಲೊಮೆನ್, ನೀನು ಹಾಡ್ಬೇಕು ಕಣೆ. ನಾವ್ಯಾರೂ ಯಾವತ್ತೂ ಕೆಟ್ಟ ಮನಸ್ಸಲ್ಲಿ..."

"ಕೆಟ್ಟ ಮನಸ್ಸಿಲ್ಲ, ಗೊತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಜೆಲೀ, ನೀನು ಪೀಠದ ಬಟ್ಟೆ ಒಗೀತೀಯಲ್ಲ. ಎಷ್ಟೋ ವರ್ಷ ಆದ್ಮೇಲೆ ಒಂದಿನ ಯಾರೋ ಬಂದು, ಅದರಲ್ಲಿ ಯಾವತ್ತೂ ಕೊಳೆ ಹೋಗೇ ಇರ್ಲಿಲ್ಲ, ನಾವು ನೋಡಿಯೂ ಸುಮ್ಮನಿದ್ವಿ ಅಂದ್ರೆ ನಿಂಗೆ ಹೇಗಾಗತ್ತೆ? ದೇವರಿಗೆ ನಾನು ಕೊಡ್ತಾ ಇದ್ದಿದ್ದು ಅದೊಂದೇ. ಅದೂ ಸೊಟ್ಟ. ಸಾಲದು ಅಂತ ನಿಮ್ಮನ್ನೂ ಜೊತೆಗೆ ಎಳ್ಕೊಂಡು ಹೋದೆ."

ಸಾರಿನ ಪಾತ್ರೆ ಒಲೆಯ ಮೇಲಿಟ್ಟು ಮನೆಗೆ ಬಂದೆ. ಅವತ್ತು ಇಸ್ತ್ರಿ ಮಾಡುತ್ತ ಒಂದು ಪೀಠವಸ್ತ್ರವನ್ನು ಸುಟ್ಟುಬಿಟ್ಟೆ.

ಗುರುಗಳು ಅಂಚೆಮನೆಗೆ ಹೋಗಿ ಪ್ಯಾರಿಸ್ಸಿಗೆ ಟೆಲಿಫೋನ್ ಮಾಡಿದರು. ಅವರು ಕೂಗಿ ಹೇಳಿದ್ದು ಅರ್ಧ ಬೀದಿಗೆ ಕೇಳಿಸಿತು: "ಅನ್ಸೆಲ್ಮ್, ನೀನು ಹೇಳಿದ್ದನ್ನ ಅವಳು ಕೇಳಿದ್ಳು ಕಣೋ! ಹ್ಞಾಂ, ಕೇಳಿದ್ಳು! ಎಲ್ಲರೂ ಕೂತಿದ್ವಿ! ಬಾ!"

ಪವಿತ್ರ ವಾರದ ಬುಧವಾರ ಮಧ್ಯಾಹ್ನದ ಬಸ್ಸಿನಿಂದ ಅವನು ಇಳಿದ. ಕೂದಲು ನರೆತಿತ್ತು. ನಗರದ ಬೂಟು ನಮ್ಮ ಕರಿಕಲ್ಲಿನ ಬೀದಿಯಲ್ಲಿ ಜಾರುತ್ತಿತ್ತು. ಅಂಗಡಿಯ ಬಾಗಿಲಲ್ಲಿದ್ದ ಮಾರ್ಸೆಲಾಂ ಅವನನ್ನು ನೋಡಿ ಕೈ ಎತ್ತಲೂ ಇಲ್ಲ, ಒಳಗೆ ಹೋಗಲೂ ಇಲ್ಲ.

"ನನ್ನ ಮಾತನ್ನ ಅಷ್ಟು ದೂರ ಯಾಕೆ ತಗೊಂಡು ಹೋದ್ಯೋ?" ಎಂದ. "ಇಲ್ಲೇ ಆ ಗೂಟಕ್ಕೆ ನೇತುಹಾಕಿದ್ದೆ. ಇಲ್ಲೇ ಇರ್ತಿತ್ತು."

ಅನ್ಸೆಲ್ಮ್ ಟೋಪಿ ಕೈಯಲ್ಲಿ ಹಿಡಿದು ಮುಂದೆ ನಡೆದ.

ಫಿಲೊಮೆನ್ ನನ್ನನ್ನು ಕೂಗಿ ಕರೆಸಿಕೊಂಡಳು. ಅವನೊಬ್ಬನ ಜೊತೆ ಕೂರಲು ಅವಳಿಗೆ ಧೈರ್ಯವಿರಲಿಲ್ಲ. ಅವನು ಬಾಗಿಲಲ್ಲಿ ನಿಂತಾಗ ಅವಳು ಎದ್ದು, ಅಗಸೆನಾರಿನ ಬಟ್ಟೆಯಿಂದ ಕುರ್ಚಿ ಒರೆಸಿದಳು. ಅಪರಿಚಿತರಿಗೆ ಮಾತ್ರ ನಾವು ಹಾಗೆ ಒರೆಸುವುದು.

"ಬನ್ನಿ ಮೊಸ್ಯೂ. ಕೂತ್ಕೊಳ್ಳಿ. ದಾರಿ ದೂರ, ದಣಿದಿರ್ತೀರಿ."

ಅವನ ಮುಖ ಬಿಳಿಚಿಕೊಂಡಿತು. ತಾನು ಕೈಯಾರೆ ಉಣಿಸಿ ಬೆಳೆಸಿದವನನ್ನು ಅವಳು ಪರಊರಿನ ದೊಡ್ಡಮನುಷ್ಯರ ಹಾಗೆ ಮೊಸ್ಯೂ ಎಂದು ಕರೆದು, ಬಹುವಚನದಲ್ಲಿ ಮಾತಾಡಿಸುತ್ತಿದ್ದಳು.

"ಮರೇನ್, ನನ್ನನ್ನ ಹಾಗೆ ಕರೀಬೇಡಿ. ಬೈಯಿರಿ. ಹೊಡೀರಿ ಬೇಕಾದ್ರೆ."

"ಯಾಕೆ ಬೈಲಿ? ನೀವು ಸುಳ್ಳೇನೂ ಹೇಳ್ಲಿಲ್ಲ. ಲೆಂಟಿಲ್ ಬೇಳೆ ಬೇಯ್ಸಿದೀನಿ. ಊಟ ಮಾಡ್ಕೊಂಡು ಹೋಗಿ."

ಅವನು ಚಮಚ ಮುಟ್ಟಲಿಲ್ಲ. ತಲೆ ತಗ್ಗಿಸಿಕೊಂಡೇ ಹೇಳಿದ: "ಸುಳ್ಳಲ್ಲ. ಆದ್ರೆ ಅರ್ಧ. ಜನ ನಗೋ ಅರ್ಧ ಮಾತ್ರ ಹೇಳಿದೆ. ಅಷ್ಟು ದೊಡ್ಡ ಜನದ ಮುಂದೆ ಕೂತಿದ್ದೆ. ನಾನು ಹಳ್ಳಿಯವನು ಅಂತ ಅವರು ನಗೋಕೆ ಮುಂಚೆ ನಾನೇ ನಗಿಸಿಬಿಡೋಣ ಅನ್ನಿಸ್ತು. ಉಳಿದರ್ಧ ಹೇಳೋಕೆ ನಾಚಿಕೆ ಆಯ್ತು."

"ಉಳಿದರ್ಧ ಏನು?"

"ಊರೆಲ್ಲ ನಿಮ್ಮ ಜೊತೆ ಇಳೀತಿತ್ತಲ್ಲ, ಅದು. ಅಪ್ಪನ ಪಕ್ಕ ಮೊಣಕಾಲೂರಿ ಕೇಳ್ತಿದ್ದೆ. ಒಬ್ಬರಿಗೋಸ್ಕರ ಎಲ್ಲರೂ ತಮ್ಮ ತಮ್ಮ ಸ್ವರ ಬಿಟ್ಟು ಬರ್ತಿದ್ರು. ಅದಕ್ಕಿಂತ ಚೆನ್ನಾಗಿರೋದನ್ನ ನಾನು ಎಲ್ಲೂ ಕೇಳ್ಲಿಲ್ಲ, ಮರೇನ್. ಬದುಕಿಡೀ ಬರ್ದಿದ್ದು ಅದನ್ನೇ."

ಅವನ ಕಣ್ಣು ತುಂಬಿತ್ತು. ಇಷ್ಟು ಹೇಳಿದರೆ ಅವಳು ಕರಗುತ್ತಾಳೆ ಎಂದುಕೊಂಡೆ ನಾನು. ಅವಳು ಬಹಳ ಹೊತ್ತು ತನ್ನ ಕೈಗಳನ್ನೇ ನೋಡಿಕೊಂಡಳು.

"ಹಾಗಾದ್ರೆ ನನಗೆ ಕನಿಕರ ತೋರಿಸ್ತಿದ್ರಿ," ಎಂದಳು. "ಎಲ್ಲರೂ. ಇಷ್ಟು ವರ್ಷ. ನಾನು ಕೊಡ್ತಿದೀನಿ ಅಂದ್ಕೊಂಡಿದ್ದೆ. ತಗೋತಾ ಇದ್ದೆ."

ಅನ್ಸೆಲ್ಮ್ ತಂದಿದ್ದ ಒಳ್ಳೆಯ ಮಾತು ಮೊದಲಿನ ಮಾತಿಗಿಂತ ಆಳಕ್ಕೆ ಹೋಗಿ ನಾಟಿತ್ತು. ತಟ್ಟೆಯಲ್ಲಿ ಬೇಳೆ ಆರಿತು. ಅವನು ಎದ್ದು, ಬಾಗಿಲ ಚೌಕಟ್ಟನ್ನು ಕೈಯಿಂದ ಹಿಡಿದು ಸ್ವಲ್ಪ ಹೊತ್ತು ನಿಂತು, ಹೊರಗೆ ಹೋದ.

ಅವತ್ತೇ ಸಂಜೆ ದೀಪ ಆರಿಸುವ ಪ್ರಾರ್ಥನೆ. ಇಗರ್ಜಿ ತುಂಬಿತ್ತು. ಅನ್ಸೆಲ್ಮ್ ಗಂಡಸರ ಸಾಲಿನಲ್ಲಿ, ಅವನ ಅಪ್ಪ ಕೂರುತ್ತಿದ್ದ ಜಾಗದಲ್ಲಿ ಮೊಣಕಾಲೂರಿದ್ದ. ಫಿಲೊಮೆನ್ ಕಂಬದ ಹಿಂದೆ ಇದ್ದಳು. ಕೀರ್ತನೆ ಎತ್ತಿಕೊಡುವ ಕೆಲಸವನ್ನು ಗುರುಗಳು ಮಾರ್ಸೆಲಾಂಗೆ ಒಪ್ಪಿಸಿದ್ದರು. ಅವನು ಹೇಗೋ ನಡೆಸಿದ. ಒಂದೊಂದೇ ಬತ್ತಿ ಆರಿತು. ಕಿಟಕಿಗಳಲ್ಲಿ ಉಳಿದಿದ್ದ ಬೆಳಕೂ ಹೋಯಿತು. ಕೊನೆಯ ದೀಪ ಪೀಠದ ಹಿಂದೆ ಮರೆಯಾಯಿತು.

ಈಗ ಪಶ್ಚಾತ್ತಾಪದ ಕೀರ್ತನೆ. ನಾವು ಮೊಣಕಾಲೂರಿ ಕಾದೆವು.

ಮಾರ್ಸೆಲಾಂ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಇನ್ನೊಮ್ಮೆ ಸರಿಮಾಡಿಕೊಂಡ. ಆಮೇಲೆ ಕತ್ತಲಲ್ಲಿ ಅವನ ದನಿ ಪಿಸುಗುಟ್ಟಿತು: "ಗುರುಗಳೇ, ನನ್ನ ಕೈಲಾಗಲ್ಲ. ಇದು ಅವಳದು."

ಯಾರೂ ಎತ್ತಿಕೊಳ್ಳಲಿಲ್ಲ. ಆ ಮೌನದಲ್ಲಿ ನಮ್ಮ ನಾಚಿಕೆಯೆಲ್ಲ ಕಲ್ಲಿನ ನೆಲದಿಂದ ಮೊಣಕಾಲಿಗೆ ಏರುತ್ತಿರುವಂತೆ ಅನ್ನಿಸಿತು. ಒಂದು ಮಗು ಅಮ್ಮನನ್ನು ಏನೋ ಕೇಳಿತು, ಅಮ್ಮ ಅದರ ಬಾಯಿ ಮುಚ್ಚಿದಳು.

ಆಗ ಒಂದು ದನಿ ಎದ್ದಿತು. ಮೊದಲು ಯಾರದೆಂದು ತಿಳಿಯಲಿಲ್ಲ. ಒಣಗಿದ, ಒಡೆದ, ಸಿಗರೇಟು ಸುಟ್ಟ ದನಿ. ಪ್ಯಾರಿಸ್ಸಿನ ದೊಡ್ಡ ಸಭಾಂಗಣಗಳಿಗೆ ಸಂಗೀತ ಬರೆದುಕೊಟ್ಟ ಅನ್ಸೆಲ್ಮ್‌ಗೆ ಹಾಡುವ ಕಂಠವೇ ಇರಲಿಲ್ಲ. ನಮಗೆ ಅದು ಆವತ್ತು ಗೊತ್ತಾಯಿತು. ಮೊದಲ ಸಾಲನ್ನು ಬಹಳ ಮೇಲೆ ಹಿಡಿದ. ನಡುಗುತ್ತ ಹಾಡಿದ. ಅವನ ಗಂಟಲು ಭಯಕ್ಕೆ ಬಿಗಿಯಾಗುತ್ತ, ಸಾಲು ಮುಗಿಯುವಷ್ಟರಲ್ಲಿ ಇನ್ನೂ ಮೇಲೆ ಹೋಗಿತ್ತು.

ಹೆಂಗಸರು ಎರಡನೆಯ ಸಾಲು ಹಾಡಬೇಕಿತ್ತು. ಯಾರೂ ಯೋಚಿಸಲಿಲ್ಲ. ಅವನು ಬಿಟ್ಟ ಜಾಗದಲ್ಲೇ ಹಿಡಿದೆವು. ಅದು ನಮ್ಮ ಅಭ್ಯಾಸ, ಅಷ್ಟೇ. ಅವನು ಮೂರನೆಯದನ್ನು ಇನ್ನೂ ಎತ್ತರಕ್ಕೆ ಒಯ್ದ, ಗಂಡಸರೂ ಅಲ್ಲಿಗೇ ಹೋದರು. ಹೋಗುತ್ತ ಹೋಗುತ್ತ ನಮ್ಮ ದನಿಗಳು ಕೀಚಲಾದವು. ಮಾರ್ಸೆಲಾಂನ ದಪ್ಪ ದನಿ ಎಳೆ ಹುಂಜದ ಹಾಗೆ ಒಡೆಯಿತು. ಯಾರೋ ಹೆಂಗಸು ತಡೆಯಲಾರದೆ ಕಿಸಕ್ಕೆಂದು ನಕ್ಕಳು. ಆ ನಗು ಕಲ್ಲಿನ ಚಾವಣಿಗೆ ತಾಗಿ ಎಲ್ಲರಿಗೂ ಕೇಳಿಸಿತು. ಅವನಿಗೂ ಕೇಳಿಸಿತು. ಅವನ ದನಿ ಒಂದು ಕ್ಷಣ ನಿಂತಿತು. ನಿಲ್ಲಿಸಿಬಿಡುತ್ತಾನೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಹಸುವಿನ ಗಂಟೆಯ ಸವೆತ ಹಿಡಿಯಬಲ್ಲ ಕಿವಿಯವನು, ತಾನು ಎಷ್ಟು ತಪ್ಪುತ್ತಿದ್ದೇನೆಂದು ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೇಳುತ್ತಲೇ, ಹಾಡುತ್ತಲೇ ಹೋದ. ನಾವೂ ಅವನನ್ನು ಬಿಡಲಿಲ್ಲ. ಇನ್ನೊಂದು ಸಾಲು ಹೀಗೇ ಹೋದರೆ ಯಾರ ಗಂಟಲಲ್ಲೂ ಉಸಿರು ಉಳಿಯುತ್ತಿರಲಿಲ್ಲ.

ಹಿಂದಿನಿಂದ ಮರದ ಮೆಟ್ಟಿನ ಸದ್ದಾಯಿತು. ಯಾರೋ ಕಂಬದ ಮರೆಯಿಂದ ಎದ್ದು, ಕತ್ತಲಲ್ಲಿ ಬೆಂಚುಗಳನ್ನು ತಡವುತ್ತ ಮುಂದೆ ಬರುತ್ತಿದ್ದರು. ಆ ಸದ್ದು ಗಂಡಸರ ಸಾಲಿನ ಪಕ್ಕದಲ್ಲಿ ನಿಂತಿತು. ಮುಂದಿನ ಸಾಲು ಹೆಂಗಸರದು. ನಾವು ಬಾಯಿ ತೆರೆಯುವ ಮೊದಲೇ ಆ ಬೆಚ್ಚಗಿನ ದನಿ, ನಾವು ನಿಂತಿದ್ದ ಎತ್ತರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಎಷ್ಟೋ ಕೆಳಗೆ, ನಮ್ಮ ಎದೆಯ ಹತ್ತಿರ ಕೀರ್ತನೆಯನ್ನು ಹಿಡಿಯಿತು.

ಬೆಟ್ಟದಿಂದ ಇಳಿದು ಮನೆಯ ಬಾಗಿಲು ಕಂಡವರ ಹಾಗೆ ನಾವೆಲ್ಲ ಆ ದನಿಯೊಳಕ್ಕೆ ಬಂದೆವು. ಉಳಿದ ಸಾಲುಗಳನ್ನು ಅವಳೇ ನಡೆಸಿದಳು. ಎಂದಿನ ಹಾಗೆ ಇಳಿದಳು, ಎಂದಿನಷ್ಟೇ. ನಾವೂ ಇಳಿದೆವು. ಅನ್ಸೆಲ್ಮ್‌ನ ಒಡಕು ದನಿಯೂ ಎಲ್ಲೋ ನಡುವೆ ಬಂದು ಸೇರಿತ್ತು.

ಕೀರ್ತನೆ ಮುಗಿಯಿತು. ಬೆಂಚು ಬಡಿಯುವ ಹೊತ್ತು. ಆವತ್ತು ನಾವು ಬಡಿದ ಹಾಗೆ ಯಾವತ್ತೂ ಬಡಿದಿಲ್ಲ. ಅಂಗೈ ಕೆಂಪಾಗುವವರೆಗೆ ಬಡಿದೆವು. ಆ ಸದ್ದಿನಡಿ ಯಾರ್ಯಾರು ಅತ್ತರೋ ದೇವರಿಗೇ ಗೊತ್ತು. ದೀಪ ಪೀಠದ ಹಿಂದಿನಿಂದ ಬಂದಾಗ ಸದ್ದು ನಿಂತಿತು. ಅನ್ಸೆಲ್ಮ್ ಮೊಣಕಾಲ ಮೇಲೇ ಇದ್ದ. ಫಿಲೊಮೆನ್ ಅವನ ಪಕ್ಕ ನಿಂತಿದ್ದಳು. ಅವನ ಮುಖ ನೋಡುತ್ತಿರಲಿಲ್ಲ, ದೀಪ ನೋಡುತ್ತಿದ್ದಳು.

ಆ ಸಂಜೆ ಮಾತಾಡಬಾರದೆಂಬ ರೂಢಿ. ಮೆಟ್ಟಿಲ ಮೇಲೆ ಅವಳು ಅದನ್ನು ಮುರಿದಳು.

"ಅಷ್ಟು ಮೇಲಕ್ಕೆ ಯಾಕೋ ಹತ್ತಿದೆ? ಅಲ್ಲೇನು ನಿನ್ನ ಅಪ್ಪ ಮನೆ ಕಟ್ಟಿಸಿದ್ನಾ?"

ಏಕವಚನ ಕೇಳಿ ಅವನು ಮೆಟ್ಟಿಲ ಮೇಲೇ ಕೂತುಬಿಟ್ಟ. "ಬೇಕಂತ ಮಾಡ್ಲಿಲ್ಲ ಮರೇನ್. ಶ್ರುತಿ ಬಿಡಬಾರ್ದು ಅಂತ ಎಷ್ಟು ಪ್ರಯತ್ನಪಟ್ಟೆ! ನಿಲ್ಲಲೇ ಇಲ್ಲ."

"ಕೇಳಿಸ್ತಲ್ಲ."

"ಎಲ್ಲರೂ ಬಂದ್ರು ನನ್ನ ಹಿಂದೆ. ಆ ಮಾರ್ಸೆಲಾಂ ಕೂಡ."

"ಬರದೇ ಏನು ಮಾಡ್ಲಿ," ಎಂದ ಮಾರ್ಸೆಲಾಂ ಹಿಂದಿನಿಂದ, ಗಂಟಲು ನೀವಿಕೊಳ್ಳುತ್ತ. "ಈಸ್ಟರಿಗೆ ಹಾಡೋಕೆ ನಂಗೆ ಗಂಟಲೇ ಇಲ್ಲ ಈಗ."

ಫಿಲೊಮೆನ್ ಅನ್ಸೆಲ್ಮ್‌ನ ತೋಳಿಗೆ ಕೈ ಹಾಕಿ ಎಬ್ಬಿಸಿದಳು. "ಏಳು. ಕಲ್ಲು ತಣ್ಣಗಿದೆ. ಬೇಳೆ ಬಿಸಿ ಮಾಡ್ಕೊಡ್ತೀನಿ, ಮಧ್ಯಾಹ್ನ ಮುಟ್ಲೇ ಇಲ್ಲ ನೀನು." ಜಾರುವ ಬೂಟಿನ ಅವನನ್ನು ಹಿಡಿದುಕೊಂಡು ಮೆಲ್ಲಗೆ ಬೀದಿಯಿಳಿದು ಹೋದಳು.

ಆ ಮೇಲೆ ಅನ್ಸೆಲ್ಮ್ ರೇಡಿಯೋದಲ್ಲಿ ಮಾತಾಡಲಿಲ್ಲ. ಸಂಗೀತ ಮಾತ್ರ ಬರುತ್ತಿತ್ತು. ತನ್ನ ಕೃತಿಗಳ ಕೊನೆಯ ಆ ಗಂಟೆಯನ್ನು ಒಂದೊಂದರಿಂದಲೂ ತೆಗೆದುಹಾಕಿದ. ಗಂಟೆಯಿಲ್ಲದೆ ಕೇಳುವವರಿಗೆ ಇಳಿದದ್ದೇ ತಿಳಿಯುವುದಿಲ್ಲ, ಇವನ ಹೊಸತನವೆಲ್ಲ ಅದರಲ್ಲೇ ಇತ್ತು, ಈಗ ಮುದುಕನಾದ ಎಂದು ಪ್ಯಾರಿಸ್ಸಿನವರು ಬರೆದರಂತೆ. ಅವನು ಮತ್ತೆ ಸೇರಿಸಲಿಲ್ಲ. ಪ್ರತಿ ಪವಿತ್ರ ವಾರಕ್ಕೂ ತಪ್ಪದೆ ಬಂದು ಅಪ್ಪನ ಜಾಗದಲ್ಲಿ ಮೊಣಕಾಲೂರಿದ.

ಫಿಲೊಮೆನ್ ಇರುವವರೆಗೂ ಕೀರ್ತನೆ ಎತ್ತಿಕೊಟ್ಟಳು. ಕಿಟಕಿ ತೆರೆಯಿತು, ಕಡ್ಡಿಗಳು ಮತ್ತೆ ಮಾತಾಡಿದವು. ಆದರೆ ಒಂದು ಮಾತು ಹೇಳದೇ ಇರಲಾರೆ. ಮೊದಲೆಲ್ಲ ಅವಳು ಪೀಠದ ಕಡೆ ಮುಖ ಮಾಡಿಯೇ ಶುರು ಮಾಡುತ್ತಿದ್ದಳು. ಆ ವರ್ಷದಿಂದ, ಕೊನೆಯ ದೀಪವನ್ನು ಮರೆ ಮಾಡಲು ಎತ್ತಿಕೊಂಡಾಗ, ಅದರ ಬೆಳಕು ಇನ್ನೂ ಇರುವಾಗಲೇ, ತಲೆ ತಿರುಗಿಸಿ ನಮ್ಮನ್ನು ಒಮ್ಮೆ ನೋಡುತ್ತಿದ್ದಳು. ಬರುತ್ತೀರಾ ಎಂದು ಕೇಳುವ ಹಾಗೆ. ಆ ನೋಟವನ್ನು ತಡೆದುಕೊಳ್ಳಲು ನಮ್ಮಲ್ಲಿ ಯಾರಿಗೂ ಯಾವತ್ತೂ ಆಗಲಿಲ್ಲ. ತಲೆ ತಗ್ಗಿಸುತ್ತಿದ್ದೆವು. ಅವಳು ಅದನ್ನೇ ಒಪ್ಪಿಗೆ ಎಂದು ತೆಗೆದುಕೊಂಡು ಹಾಡಲು ತೊಡಗುತ್ತಿದ್ದಳು.